ಸರಪಳಿ ಕಂಡ ಕೂಡಲೇ ಕೆಟೆನೆಲ್ಲಾ ಎನ್ನಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸಾಗರ ಜೀವವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿ. ಅಲೆಕ್ಸಾಂಡ್ರಿಯಂ ಎಂಬ ವಿಷದ ಪಾಚಿಯ ಬಗ್ಗೆ ಓದುತ್ತಿದ್ದೇನೆ. ಅದರ ಪ್ರಭೇದ ಗುರುತಿಸಲು, ಕೋಶಗಳು ಸರಪಳಿಯಾಗಿದ್ದರೆ ಕೆಟೆನೆಲ್ಲಾ, ಕೋಶದ ಕವಚದ ಮೊದಲ ಫಲಕದಲ್ಲಿ ಸಣ್ಣ ರಂಧ್ರ ಇದ್ದರೆ ಟಮರೆನ್ಸ್ ಅಂತ ಹಳೆ ಪುಸ್ತಕದಲ್ಲಿದೆ. ಹೊಸ ಲೇಖನಗಳಲ್ಲಿ ಲೆಕ್ಕವೇ ಬೇರೆ. ಯಾವುದನ್ನು ನಂಬಲಿ?

ಉತ್ತರ: ಒಳ್ಳೆ ಪ್ರಶ್ನೆ. ಹಳೆ ಪುಸ್ತಕ ಬರೆದವರು ಸುಮ್ನೆ ಬರೆದಿಲ್ಲ. ಅವರ ಕೈಯಲ್ಲಿದ್ದದ್ದು ಮೈಕ್ರೋಸ್ಕೋಪ್ ಮಾತ್ರ. ಇಂಗ್ಲೆಂಡಿನ ಟಮರ್ ನದೀಮುಖದಲ್ಲಿ ಸಿಕ್ಕಿದ್ದು ಟಮರೆನ್ಸ್ ಆಯಿತು. ಸರಪಳಿ ಕಟ್ಟುವ, ರಂಧ್ರ ಇಲ್ಲದ್ದು ಕೆಟೆನೆಲ್ಲಾ. ರಂಧ್ರವೂ ಇಲ್ಲದ, ಉದ್ದ ಸರಪಳಿಯೂ ಇಲ್ಲದ್ದು ಫಂಡಿಯೆನ್ಸ್.

1990ರ ದಶಕದಲ್ಲಿ ರೈಬೋಸೋಮ್ (ಕೋಶದಲ್ಲಿ ಪ್ರೋಟೀನ್ ಕಟ್ಟುವ ಭಾಗ) ಜೀನಿನ ಒಂದು ತುಂಡನ್ನು ಓದಿ ಹೋಲಿಸಿದಾಗ ಈ ವಿಂಗಡಣೆ ಅಲುಗಾಡಿತು. ಉತ್ತರ ಅಮೆರಿಕದ ಟಮರೆನ್ಸ್, ಅಲ್ಲಿನದೇ ಫಂಡಿಯೆನ್ಸ್‌ಗೆ ಹತ್ತಿರ ಬಂತು. ದೂರದ ಕಡಲಿನ, ನೋಡಲು ತನ್ನಂತೆಯೇ ಇದ್ದ ಟಮರೆನ್ಸ್‌ನಿಂದ ದೂರ ನಿಂತಿತು. ರಂಧ್ರದ ಕಥೆ ಇನ್ನೂ ವಿಚಿತ್ರ. ಒಂದೇ ಕೋಶದಿಂದ ಬೆಳೆಸಿದ ಕಲ್ಚರ್‌ನಲ್ಲೂ ಕೆಲವು ಕೋಶಗಳಲ್ಲಿ ರಂಧ್ರ ಇರುತ್ತದೆ, ಕೆಲವುದರಲ್ಲಿ ಇರುವುದಿಲ್ಲ! 2014ರಲ್ಲಿ ಈ ಮೂರರ ಗುಂಪನ್ನು ಐದು ಪ್ರಭೇದಗಳಾಗಿ ವಿಂಗಡಿಸಿದರು. ಆಗ ಆ ಐದರಲ್ಲಿ ಮೊದಲನೆಯದಕ್ಕೆ ಫಂಡಿಯೆನ್ಸ್ ಎಂದು ಹೆಸರಿಟ್ಟಿದ್ದರು. ಈಗ ಅದನ್ನು ಕೆಟೆನೆಲ್ಲಾ ಎನ್ನುತ್ತಾರೆ. ಹಾಗಾಗಿ ಲೇಖನ ಓದುವಾಗ ಯಾವ ವರ್ಷದ್ದು ಅಂತ ಮೊದಲು ನೋಡಿ.

ಪ್ರಶ್ನೆ: ಹಾಗಾದ್ರೆ ಮೈಕ್ರೋಸ್ಕೋಪ್ ಮೂಲೆಗಿಡಬೇಕಾ?

ಉತ್ತರ: ಖಂಡಿತ ಬೇಡ. ನೀರಿನಲ್ಲಿ ಅಲೆಕ್ಸಾಂಡ್ರಿಯಂ ಇದೆಯಾ, ಜಾಸ್ತಿ ಆಗ್ತಿದೆಯಾ ಅಂತ ಬೇಗ ಹೇಳುವುದು ಅದೇ. ಕ್ಯಾಲ್ಕೋಫ್ಲೋರ್ ಬಣ್ಣ ಹಾಕಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿ, ಫಲಕಗಳ ಅಂಚು ಚೆನ್ನಾಗಿ ಹೊಳೆಯುತ್ತದೆ. ಆದರೆ ಈ ಗುಂಪಿನೊಳಗೆ ಪ್ರಭೇದದ ಹೆಸರು ಹೇಳುವ ಮೊದಲು ಡಿಎನ್‌ಎ ಓದಿಸಿ. ಆಗಲೂ ವಿಷ ಇದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಈ ಪಾಚಿಯ ವಿಷವಾದ ಸ್ಯಾಕ್ಸಿಟಾಕ್ಸಿನ್ ತಯಾರಿಗೆ ಬೇಕಾದ ಎಸ್‌ಎಕ್ಸ್‌ಟಿಎ ಜೀನನ್ನು ಅಲೆಕ್ಸಾಂಡ್ರಿಯಂ ಸೇರಿರುವ ಗುಂಪಾದ ಡೈನೊಫ್ಲಾಜೆಲೇಟ್‌ಗಳಲ್ಲಿ 2011ರಲ್ಲಿ ಗುರುತಿಸಿದರು. ಆ ಜೀನ್ ಇದ್ದರೂ ಅಳೆಯುವಷ್ಟು ವಿಷ ಸಿಗದ ತಳಿಗಳಿವೆ. ವಿಷವನ್ನೇ ಅಳೆಯಬೇಕು, ಬೇರೆ ದಾರಿ ಇಲ್ಲ. ನಿಮ್ಮ ಪ್ರಬಂಧದಲ್ಲಿ ಆಕಾರ, ಜೀನ್, ವಿಷ ಮೂರನ್ನೂ ಒಂದೇ ಕಲ್ಚರ್‌ನಿಂದ ತೋರಿಸಿ ಅನ್ನುವುದು ನನ್ನ ಒತ್ತಾಯ.

ಇನ್ನೊಬ್ಬರ ಪ್ರಶ್ನೆ: ನಾವು ಉಡುಪಿ ಕಡೆಯವರು, ಮರುವಾಯಿ, ಪಚ್ಚಿಲೆಯಂಥ ಚಿಪ್ಪುಜೀವಿ ತಿನ್ನುವವರು. ಚೆನ್ನಾಗಿ ಬೇಯಿಸಿದರೆ, ಪಾಚಿಯಿಂದ ಚಿಪ್ಪಿಗೆ ಸೇರುವ ಈ ವಿಷ ಹೋಗುತ್ತದಲ್ವಾ?

ಉತ್ತರ: ಇಲ್ಲ ಅಕ್ಕ, ಹೋಗುವುದಿಲ್ಲ. ಸ್ಯಾಕ್ಸಿಟಾಕ್ಸಿನ್ ಕುದಿಸಿದರೂ ಉಳಿಯುತ್ತದೆ. ರುಚಿ, ವಾಸನೆಯಲ್ಲೂ ಗೊತ್ತಾಗುವುದಿಲ್ಲ. ಎಷ್ಟೋ ದೇಶಗಳಲ್ಲಿ ಒಂದು ಕಿಲೋ ಚಿಪ್ಪಿನ ಮಾಂಸದಲ್ಲಿ ಈ ವಿಷ 0.8 ಮಿಲಿಗ್ರಾಂ ದಾಟಿದರೆ ಚಿಪ್ಪು ಹೆಕ್ಕುವುದನ್ನೇ ನಿಲ್ಲಿಸುತ್ತಾರೆ. ನಮ್ಮ ಕರಾವಳಿಯಲ್ಲೂ ಇದು ನಡೆದಿದೆ, 1983ರಲ್ಲಿ ಮಂಗಳೂರು ಕಡೆ ಚಿಪ್ಪು ತಿಂದವರಿಗೆ ಇದೇ ವಿಷಬಾಧೆ ಆದದ್ದು ದಾಖಲಾಗಿದೆ.  ನೀರಿನ ಬಣ್ಣ ಬದಲಾಗಿದ್ದರೆ ಆ ಜಾಗದ್ದು ಬೇಡ. ತಿಂದ ಮೇಲೆ ತುಟಿ, ನಾಲಿಗೆ ಜುಮ್ಮೆಂದರೆ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಅಂತ ವೈದ್ಯರಿಗೆ ಹೇಳಿ.