ಸಹಾಯ ಬೇಕು: ಫೋರ್ಜರಿ ಕೇಸಲ್ಲಿ ಸೆಕ್ಷನ್ 338 ಬಿಡಿಸಿ ಪ್ಲೀ ಬಾರ್ಗೇನಿಂಗ್‌ಗೆ (ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಒಪ್ಪಂದ) ಹೋಗಬಹುದೇ?

ಹಾಸನ, ಸಕಲೇಶಪುರ ಕಡೆ ಕ್ರಿಮಿನಲ್ ಪ್ರಾಕ್ಟೀಸ್ ಮಾಡುವ ವಕೀಲ ಮಿತ್ರರಿಗೆ ನಮಸ್ಕಾರ.

ಕಾಫಿ ತೂಕದ ಚೀಟಿಯಲ್ಲಿ 38 ಮೂಟೆ ಇದ್ದದ್ದನ್ನು 88 ಅಂತ ತಿದ್ದಿ ಹಣ ಪಡೆದ ಆರೋಪ. 3ರ ಮೇಲೆ ಇನ್ನೊಂದು ಸುತ್ತು ಎಳೆದಿದ್ದು ಬರಿಗಣ್ಣಿಗೇ ಕಾಣುತ್ತೆ, ಬೇರೆ ಶಾಯಿ. ಚಾರ್ಜ್‌ಶೀಟ್‌ನಲ್ಲಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 318(4) (ವಂಚನೆ), 336(3) (ವಂಚನೆಗಾಗಿ ಫೋರ್ಜರಿ), 340(2) (ನಕಲಿ ದಾಖಲೆಯ ಬಳಕೆ) ಜೊತೆ 338 (ಬೆಲೆಯುಳ್ಳ ಭದ್ರತಾಪತ್ರ, ರಸೀದಿ ಮುಂತಾದವುಗಳ ಫೋರ್ಜರಿ) ಕೂಡ ಸೇರಿಸಿದ್ದಾರೆ. ತೊಡಕು ಇರೋದೇ ಇಲ್ಲಿ. ಮೊದಲ ಮೂರಕ್ಕೆ ಗರಿಷ್ಠ 7 ವರ್ಷ. 338ಕ್ಕೆ ಜೀವಾವಧಿವರೆಗೂ ಇದೆ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 289ರಡಿ ಪ್ಲೀ ಬಾರ್ಗೇನಿಂಗ್ ಇರೋದು ಶಿಕ್ಷೆ 7 ವರ್ಷ ಮೀರದ ಅಪರಾಧಗಳಿಗೆ ಮಾತ್ರ, ಹಾಗಾಗಿ ಆ ಬಾಗಿಲೇ ಮುಚ್ಚಿದಂತೆ. ನಮ್ಮಲ್ಲಿ ಚೌಕಾಸಿ ಶಿಕ್ಷೆಯ ಮೇಲೆ ಮಾತ್ರ, ಸೆಕ್ಷನ್ ಮೇಲಲ್ಲ. ಕಕ್ಷಿದಾರರಿಗೆ ಇದನ್ನು ತಿಳಿಸಿ ಹೇಳೋದೇ ದೊಡ್ಡ ಕೆಲಸ!

ತೂಕದ ಚೀಟಿ ಹಣ ಸಂದಾಯದ ರಸೀದಿಯಲ್ಲ, ಬೆಲೆಯುಳ್ಳ ಭದ್ರತಾಪತ್ರವೂ (ಕಾನೂನು ಹಕ್ಕು ಕೊಡುವ ದಾಖಲೆ) ಅಲ್ಲ ಎಂದು ವಾದಿಸಿ, ಚಾರ್ಜ್‌ಶೀಟ್ ಪ್ರತಿಗಳು ಸಿಕ್ಕ 60 ದಿನದೊಳಗೆ ಬಿಎನ್‌ಎಸ್‌ಎಸ್ 262ರಡಿ ಆರೋಪದಿಂದ ಬಿಡುಗಡೆಗೆ ಅರ್ಜಿ ಹಾಕುವ ಯೋಚನೆ. 338 ಬಿದ್ದರೆ, ಚಾರ್ಜ್ ಫ್ರೇಮ್ ಆದ 30 ದಿನದೊಳಗೆ ಅಫಿಡವಿಟ್ ಸಮೇತ 290ರಡಿ ಪ್ಲೀ ಬಾರ್ಗೇನಿಂಗ್ ಅರ್ಜಿ. ಇದು ಮೊದಲ ಅಪರಾಧ. ಹಾಗಾಗಿ ಶಿಕ್ಷೆ 7 ವರ್ಷದ ಆರನೇ ಒಂದು ಭಾಗ ಅಂದರೆ 14 ತಿಂಗಳು, ಜೈಲಲ್ಲಿ ಕಳೆದ ದಿನ ವಜಾ. ಪ್ರೊಬೇಷನ್ (ಜೈಲಿನ ಬದಲು ಸನ್ನಡತೆಯ ಷರತ್ತಿನ ಮೇಲೆ ಬಿಡುಗಡೆ) ಕೂಡ ಕೇಳಬಹುದು.

ಬೇಕಾಗಿರೋದು ಇಷ್ಟು: 289 ಹೇಳೋದು ಪೊಲೀಸ್ ವರದಿಯಲ್ಲಿ ಆರೋಪಿಸಿದ ಅಪರಾಧದ ಬಗ್ಗೆ. ಕೋರ್ಟ್ 338 ಕೈಬಿಟ್ಟ ಮೇಲೂ ಪಿಪಿ (ಸರ್ಕಾರಿ ಅಭಿಯೋಜಕರು) ಇದನ್ನೇ ಹಿಡಿದು ಆಕ್ಷೇಪ ಎತ್ತಿದರೆ ಉತ್ತರಕ್ಕೆ ಹೈಕೋರ್ಟ್ ತೀರ್ಪು ಇದೆಯೇ? ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 265ಎ ಮೇಲಿನದ್ದಾದರೂ ಆದೀತು. ಜಿಲ್ಲೆಯ ಯಾವುದಾದರೂ ಆದೇಶದ ಪ್ರತಿ ಇದ್ದರೆ ಹೆಸರು ಮರೆಮಾಡಿ ಹಾಕಿ.