ನನ್ನ ಬೆನ್ನು ಬಿದಿರು, ಅಕ್ಕನ ಎಕ್ಸ್‌ರೇ ಕ್ಲೀನ್: ಇಬ್ಬರಿಗೂ ಒಂದೇ ಕಾಯಿಲೆ ಇರಬಹುದಾ?

ಖಣದಂಗಡಿ (ಗುಳೇದಗುಡ್ಡ)

ಎಲ್ಲರಿಗೂ ನಮಸ್ಕಾರ. ನನಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ, ಅಂದರೆ ಬೆನ್ನುಮೂಳೆಯ ಕೀಲುಗಳಿಗೆ ಉರಿಯೂತ ಬರುವ ವಾತದ ಕಾಯಿಲೆ. ಅದಕ್ಕೆ ನಂಟಿರುವ ಎಚ್‌ಎಲ್‌ಎ-ಬಿ27 ಜೀನಿನ ರಕ್ತಪರೀಕ್ಷೆಯೂ ಪಾಸಿಟಿವ್. ಎಕ್ಸ್‌ರೇ ನೋಡಿದ ತಕ್ಷಣ ಡಾಕ್ಟರು ಬಾಂಬೂ ಸ್ಪೈನ್ ಅಂದರು, ಅಂದರೆ ಮೂಳೆಗಳು ಕೂಡಿಕೊಂಡು ಬೆನ್ನು ಬಿದಿರಿನ ಹಾಗೆ ಕಾಣುತ್ತದೆ. ಯಾರಾದರೂ ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಬೇಕು. ಆದರೆ ಇಂಜೆಕ್ಷನ್ ಶುರು ಮಾಡಿದ ಮೇಲೆ ನೋವು ಅಷ್ಟಾಗಿ ಇಲ್ಲ.

ಪ್ರಶ್ನೆ ಅಕ್ಕನ ಬಗ್ಗೆ. ವಯಸ್ಸು 36, ಮನೆಯಲ್ಲೇ ಕುಣಿಮಗ್ಗದಲ್ಲಿ ಖಣ ನೇಯುತ್ತಾಳೆ. ಮದುವೆಗೆ ಮುಂಚಿನಿಂದಲೂ ಸೊಂಟ ನೋವು, ಈಗ ಹಿಮ್ಮಡಿ, ಎದೆಗೂಡು, ಕತ್ತು ಎಲ್ಲಾ ನೋವು. ಒಬ್ಬರು ಕ್ಯಾಲ್ಸಿಯಂ ಕಡಿಮೆ ಅಂದರು, ಒಬ್ಬರು ಹೆರಿಗೆಯಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದ ಅಂದರು, ಇನ್ನೊಬ್ಬರು ಮಗ್ಗ ಬಿಟ್ಟುಬಿಡು ಅಂದರು. ಎಕ್ಸ್‌ರೇ ಕ್ಲೀನ್, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) ನಾರ್ಮಲ್, ಬೆನ್ನಿನ ಎಂಆರ್‌ಐನಲ್ಲಿ ಡಿಸ್ಕ್ ಸ್ವಲ್ಪ ಉಬ್ಬಿದೆ ಅಷ್ಟೇ. ಆದರೆ ನಸುಕಿನ ಮೂರಕ್ಕೆ ಎದ್ದು ಗೋಡೆ ಹಿಡಿದು ಪಡಸಾಲೆಯಲ್ಲಿ ಓಡಾಡುತ್ತಾಳೆ. ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಮಗ್ಗ ಬಂದ್, ಅವತ್ತು ಮಲಗಿ ರೆಸ್ಟ್ ತಗೊಂಡರೆ ನೋವು ಇನ್ನೂ ಜಾಸ್ತಿ. ಇದು ಗಂಡಸರ ಕಾಯಿಲೆ, ನಿಮ್ಮಕ್ಕನಿಗೆ ಯಾಕೆ ಬರುತ್ತೆ ಅಂತ ಕೇಳಿದವರೂ ಇದ್ದಾರೆ. ನಿಜಾನಾ?

ಬಿಸಿಲೂರಿನವ (ವಿಜಯಪುರ)

ಬೇಜಾರು ಮಾಡ್ಕೋಬೇಡಿ, ನಮ್ಮ ಕಡೆ ಸೊಂಟ ನೋವಿಲ್ಲದ ಹೆಂಗಸು ಎಲ್ಲಿದ್ದಾಳೆ ತೋರಿಸಿ. ಒಂದು ಎಂಆರ್‌ಐ ಆಗಿದೆ, ಅದರಲ್ಲೂ ಏನಿಲ್ಲ. ಮತ್ತೆ ಮತ್ತೆ ಟೆಸ್ಟ್ ಮಾಡಿಸಿದರೆ ಸುಮ್ನೆ ದುಡ್ಡು ದಂಡ. ಡಿ ವಿಟಮಿನ್ ನೋಡಿಸಿ, ಕುಣಿಯಲ್ಲಿ ಕೂರೋದು ಬಿಡಿಸಿ.

ಕುಂದಾ ಡಾಕ್ಟರ್ (ಬೆಳಗಾವಿ)

ಬಿಸಿಲೂರಿನವರೇ, ಮಗ್ಗದಿಂದ ಬಂದ ನೋವಾಗಿದ್ದರೆ ಮಗ್ಗ ನಿಂತ ದಿನ ಕಡಿಮೆ ಆಗಬೇಕಿತ್ತು ಅಲ್ವಾ? ಇಲ್ಲಿ ಉಲ್ಟಾ ಆಗುತ್ತಿದೆ. ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ, ನಸುಕಿನಲ್ಲಿ ಎಬ್ಬಿಸುತ್ತದೆ, ಚಿಕ್ಕ ವಯಸ್ಸಿನಲ್ಲೇ ನಿಧಾನಕ್ಕೆ ಶುರುವಾಗಿದೆ, ಒಡಹುಟ್ಟಿದವನಿಗೆ ಕಾಯಿಲೆ ಇದೆ. ಇಷ್ಟಿದ್ದರೆ ನಾನಂತೂ ಡಿಸ್ಕ್ ಮೇಲೆ ಹಾಕಿ ಸುಮ್ಮನೆ ಕೂರುವುದಿಲ್ಲ.

ಗಂಡಸರ ಕಾಯಿಲೆ ಅನ್ನೋದು ಹಳೆಯ ಪುಸ್ತಕದ ಮಾತು. ಆಗ 10 ಗಂಡಸರಿಗೆ ಒಬ್ಬ ಹೆಂಗಸು ಅಂತ ಬರೆಯುತ್ತಿದ್ದರು. ಕಾರಣ ಸರಳ. ಈ ರೋಗ ಗುರುತಿಸುವ 1984ರ ನಿಯಮದ ಪ್ರಕಾರವೂ ಎಕ್ಸ್‌ರೇಯಲ್ಲಿ ಸ್ಯಾಕ್ರೋಇಲಿಯಾಕ್ ಕೀಲು, ಅಂದರೆ ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಕೂಡುವ ಕೀಲು, ಕೆಟ್ಟಿರುವುದು ಕಾಣಲೇಬೇಕಿತ್ತು. ಗಂಡಸರಲ್ಲಿ ಮೂಳೆ ಬೇಗ ಬೆಳೆದು ಕೂಡಿಕೊಳ್ಳುತ್ತದೆ, ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ. ಹೆಂಗಸರಲ್ಲಿ ಅದು ನಿಧಾನ, ಎಷ್ಟೋ ಜನರಲ್ಲಿ ಆಗುವುದೇ ಇಲ್ಲ. 2009ರ ನಿಯಮದಲ್ಲಿ ಎಂಆರ್‌ಐಯನ್ನೂ ಒಪ್ಪಿಕೊಂಡರು. ಈಗ ಎಕ್ಸ್‌ರೇಯಲ್ಲಿ ಕಾಣುವ ರೋಗದಲ್ಲಿ ಗಂಡಸರು ಎರಡು ಮೂರು ಪಟ್ಟು, ಕಾಣದಿರುವ ರೋಗದಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ.

ಮೂಳೆ ಕೂಡಿಲ್ಲ ಅಂದಮಾತ್ರಕ್ಕೆ ಹೆಂಗಸರಿಗೆ ಹಗುರ ಅಂತಲ್ಲ. ನೋವು, ಸುಸ್ತು, ಹಿಮ್ಮಡಿಯಂಥ ಜಾಗದ ಉರಿಯೂತ ಅವರಲ್ಲೇ ಜಾಸ್ತಿ. ರೋಗ ಗೊತ್ತಾಗುವುದೂ ತಡ, ಯಾಕಂದರೆ ಮೈಯೆಲ್ಲಾ ನೋವು ಅಂದ ಕೂಡಲೇ ಫೈಬ್ರೊಮಯಾಲ್ಜಿಯಾ (ಉರಿಯೂತವಿಲ್ಲದೆ ಮೈಯೆಲ್ಲಾ ನೋಯುವ ತೊಂದರೆ), ಟೆನ್ಷನ್ ಅಂತ ಚೀಟಿ ಬರೆದು ಕಳಿಸುತ್ತಾರೆ. ನೀವು ಹಾಕಿಸಿಕೊಳ್ಳುವುದು ಟಿಎನ್‌ಎಫ್ ಇಂಜೆಕ್ಷನ್ (ಉರಿಯೂತ ಎಬ್ಬಿಸುವ ಟಿಎನ್‌ಎಫ್ ಪ್ರೋಟೀನನ್ನು ತಡೆಯುವ ಔಷಧಿ) ಇರಬೇಕು, ಅದು ಕೂಡ ಸರಾಸರಿಯಲ್ಲಿ ಗಂಡಸರಿಗೆ ಹಿಡಿದಷ್ಟು ಹೆಂಗಸರಿಗೆ ಹಿಡಿಯುವುದಿಲ್ಲ, ಬೇಗ ಬಿಡುವವರೂ ಅವರೇ ಜಾಸ್ತಿ. ಕೆಲಸವೇ ಮಾಡುವುದಿಲ್ಲ ಅಂತ ತಿಳಿಯಬೇಡಿ, ಬಹಳ ಜನ ಅದರಿಂದಲೇ ಎದ್ದು ಓಡಾಡುತ್ತಿದ್ದಾರೆ.

ಮುಖ್ಯವಾದ ಮಾತು: ಬೆನ್ನಿನ ಎಂಆರ್‌ಐ ಬೇರೆ, ಸ್ಯಾಕ್ರೋಇಲಿಯಾಕ್ ಕೀಲಿನ ಎಂಆರ್‌ಐ ಬೇರೆ. ನಿಮ್ಮಕ್ಕನಿಗೆ ಆಗಿರುವುದು ಮೊದಲನೆಯದು. ಚೀಟಿಯಲ್ಲಿ ಆ ಕೀಲಿನ ಹೆಸರು, ಜೊತೆಗೆ ಸ್ಟಿರ್ ಸೀಕ್ವೆನ್ಸ್ (ಉರಿಯೂತ ಎದ್ದು ಕಾಣಿಸುವ ಎಂಆರ್‌ಐ ವಿಧಾನ) ಅಂತ ಬರೆಸಿ. ಸಾಮಾನ್ಯವಾಗಿ ಕಾಂಟ್ರಾಸ್ಟ್ (ಸ್ಕ್ಯಾನ್ ಹೊತ್ತಿಗೆ ರಕ್ತನಾಳಕ್ಕೆ ಕೊಡುವ ಔಷಧಿ) ಬೇಕಾಗುವುದಿಲ್ಲ. ಸಿಆರ್‌ಪಿ ನಾರ್ಮಲ್ ಇದ್ದೂ ಈ ರೋಗ ಇರಬಹುದು. ಬಿ27 ಮಾಡಿಸಿ, ಆದರೆ ಪಾಸಿಟಿವ್ ಬಂದ ಮಾತ್ರಕ್ಕೆ ಹೆದರಬೇಡಿ, ಪಾಸಿಟಿವ್ ಇರುವ ಬಹುಪಾಲು ಜನರಿಗೆ ಜನ್ಮದಲ್ಲಿ ಈ ಕಾಯಿಲೆ ಬರುವುದಿಲ್ಲ. ನೆಗೆಟಿವ್ ಬಂದರೆ ಪಾರಾದೆವು ಅಂತಲೂ ಅಲ್ಲ. ರುಮಟಾಲಜಿಸ್ಟ್, ಅಂದರೆ ಕೀಲುವಾತದ ತಜ್ಞರ ಹತ್ತಿರವೇ ಹೋಗಿ.

ಖಣದಂಗಡಿಯವರೇ, ನಿಮಗೂ ಒಂದು ಮಾತು. ಕೂಡಿಕೊಂಡ ಬೆನ್ನುಮೂಳೆ ಗಟ್ಟಿ ಕಾಣುತ್ತದೆ, ಆದರೆ ಸಣ್ಣ ಪೆಟ್ಟಿಗೇ ಮುರಿಯುತ್ತದೆ. ಕಟಿಂಗ್ ಅಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸಲೇಬೇಡಿ. ಬೈಕಿನಿಂದ ಬಿದ್ದು ಕತ್ತು ಹೊಸದಾಗಿ ನೋಯುತ್ತಿದ್ದರೆ ಎಕ್ಸ್‌ರೇ ಸರಿ ಇದೆ ಅಂದರೂ ಸಿಟಿ ಸ್ಕ್ಯಾನ್ ಕೇಳಿ. ಬೀಡಿ ಸಿಗರೇಟು ಇದ್ದರೆ ಇವತ್ತೇ ಬಿಡಿ, ಅದರಿಂದ ಮೂಳೆ ಕೂಡುವುದು ಜೋರಾಗುತ್ತದೆ.

ಟೀಚರಮ್ಮ (ಜಮಖಂಡಿ)

ನನಗೆ ಇದೇ ಕಾಯಿಲೆ, ಎಕ್ಸ್‌ರೇ ಇವತ್ತಿಗೂ ಕ್ಲೀನ್. ಸ್ಟಾಫ್ ರೂಮಿನಲ್ಲಿ ನಾಟಕ ಅಂತಲೇ ಮಾತಾಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಸಾಕ್ಸ್ ಹಾಕಿಕೊಳ್ಳೋಕೆ ಬಗ್ಗಲು ಆಗುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಜೊತೆ ಡ್ರಿಲ್ ಮಾಡುತ್ತಿದ್ದೆ, ಅದಕ್ಕೇ ಯಾರೂ ನಂಬಲಿಲ್ಲ.

ಬಸಿರಲ್ಲಿ ವಾತ ತಾನೇ ಇಳಿಯುತ್ತೆ ಅಂತ ಅತ್ತೆ ಹೇಳಿದ್ದರು. ರುಮಟಾಯ್ಡ್ ಆರ್ಥರೈಟಿಸ್‌ನಲ್ಲಿ ಬಹಳ ಜನರಿಗೆ ಹಾಗೆ ಆಗುತ್ತದಂತೆ, ಇದರಲ್ಲಿ ಆ ಭರವಸೆ ಇಲ್ಲ, ನನಗಂತೂ ಇಳಿಯಲಿಲ್ಲ. ಅಕ್ಕನಿಗೆ ಇನ್ನೊಂದು ಮಗು ಬೇಕು ಅಂತಿದ್ದರೆ ಮೊದಲೇ ಡಾಕ್ಟರಿಗೆ ಹೇಳಲಿ, ಈ ಕಾಯಿಲೆಗೆ ಕೊಡುವ ಉರಿಯೂತ ಇಳಿಸುವ ನೋವಿನ ಮಾತ್ರೆಗಳನ್ನು ಬಸಿರಿನ ಕೊನೆಯ ತಿಂಗಳುಗಳಲ್ಲಿ ತಗೋಬಾರದು. ಇಂಜೆಕ್ಷನ್ ಅಂತ ಬಂದರೆ ಮೊದಲು ಟಿಬಿ ಪರೀಕ್ಷೆ ಆಗಲೇಬೇಕು, ಒಳಗೆ ಮಲಗಿರುವ ಟಿಬಿ ಎದ್ದುಬಿಡಬಹುದು. ಈ ಕಾಯಿಲೆಯಲ್ಲಿ ಕಣ್ಣಿಗೂ ಉರಿಯೂತ ಬರಬಹುದು, ಕಣ್ಣು ಕೆಂಪಾಗಿ ಬೆಳಕು ನೋಡಿದರೆ ಚುಚ್ಚಿದ ಹಾಗಾದರೆ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡು ಕೂರಬೇಡಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಇದು ಗಂಡು ಹೆಣ್ಣು ಇಬ್ಬರಿಗೂ.

ಬಿಸಿಲೂರಿನವ (ವಿಜಯಪುರ)

ಆ ಅಮಾವಾಸ್ಯೆ ಲೆಕ್ಕ ಸರಿ ಇದೆ, ಒಪ್ಪುತ್ತೇನೆ. ಆದರೂ ಡಿ ವಿಟಮಿನ್ ನೋಡಿಸಿ, ನಮ್ಮೂರಲ್ಲಿ ಇಷ್ಟು ಬಿಸಿಲಿದ್ದೂ ಎಲ್ಲರಿಗೂ ಕಡಿಮೆ ಬರುತ್ತಿದೆ.

ಖಣದಂಗಡಿ (ಗುಳೇದಗುಡ್ಡ)

ಎಲ್ಲರಿಗೂ ಥ್ಯಾಂಕ್ಸ್. ಅಕ್ಕನಿಗೆ ಓದಿ ಹೇಳಿದೆ, ಮಗ್ಗ ಬಿಡಬೇಕಿಲ್ಲ ತಾನೇ ಅಂತ ಮೊದಲು ಅದನ್ನೇ ಕೇಳಿದಳು. ಇನ್ನೊಂದು, ಹಿಂದಿನ ಸಲ ಎಂಆರ್‌ಐ ಹೊತ್ತಿಗೆ ತಾಳಿ ತೆಗೆಯುವುದಕ್ಕೆ ಅವ್ವ ದೊಡ್ಡ ಜಗಳ ಮಾಡಿದ್ದಳು. ಈ ಸಲವೂ ತೆಗೆಯಬೇಕಾ?

ಟೀಚರಮ್ಮ (ಜಮಖಂಡಿ)

ತೆಗೆಯಲೇಬೇಕು, ಕಾಲುಂಗುರವನ್ನೂ. ನಾನು ದಾರಕ್ಕೆ ಅರಿಶಿನ ಕೊಂಬು ಕಟ್ಟಿಕೊಂಡು ಹೋಗಿದ್ದೆ, ಅವರೂ ಬಿಟ್ಟರು, ಅತ್ತೆಯೂ ಸುಮ್ಮನಾದರು. ಮಗ್ಗ ಬಿಡಬೇಕಿಲ್ಲ, ಅರ್ಧ ಗಂಟೆಗೊಮ್ಮೆ ಕುಣಿಯಿಂದ ಎದ್ದು ನಾಲ್ಕು ಹೆಜ್ಜೆ ಹಾಕಲಿ.