ಮನೆ ಸಿಕ್ಕಿತು, ಕೆಲಸ ತಪ್ಪಿತು. ತುಮಕೂರಿನಲ್ಲಿ ಏನಾದರೂ ದಾರಿ ಇದೆಯಾ?

ಮೂರನೇ ಮಹಡಿ: ಕೊಳಗೇರಿ ಮಂಡಳಿ ಮನೆ ಸಿಕ್ಕಿ ಊರಾಚೆ ಬಂದಿದ್ದೇವೆ. ಸೂರು ಗಟ್ಟಿ, ಮಳೆಗೆ ಪಾತ್ರೆ ಇಡುವ ಕಾಟವಿಲ್ಲ. ಆದರೆ ಮೊದಲು ಮೂರು ಮನೆಗಳಲ್ಲಿ ಕಸ ಮುಸುರೆ ಮಾಡುತ್ತಿದ್ದೆ, ನಡೆದೇ ಹೋಗುತ್ತಿದ್ದೆ. ಈಗ ಬೆಳಗ್ಗೆ ಆರಕ್ಕೆ ಅಲ್ಲಿರೋದು ಆಗುತ್ತಿಲ್ಲ. ಎರಡು ಮನೆ ಕೈತಪ್ಪಿತು. ಮನೆ ಕೊಟ್ಟವರು ಕೆಲಸಕ್ಕೂ ದಾರಿ ತೋರಿಸುತ್ತಾರಾ?

ಬಟವಾಡಿ ಹುಡುಗ: 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ವಾ, ಬಸ್ಸು ಫ್ರೀ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಕೇಳಿ ನೋಡಿ.

ಮೂರನೇ ಮಹಡಿ: ಟಿಕೆಟ್ ಫ್ರೀ, ಸರಿ. ಆರಕ್ಕೆ ಮುಂಚೆ ನಮ್ಮ ಕಡೆ ಬಸ್ಸೇ ಇಲ್ಲ! ಕಾರ್ಖಾನೆಗೆ ಹೋದರೆ ಮಗುವನ್ನು ಸ್ಕೂಲಿಂದ ಕರೆತರೋರು ಯಾರು? ಹೊಲಿಗೆ ತರಬೇತಿಯೂ ಆಯಿತು. ಸರ್ಟಿಫಿಕೇಟ್ ಬೀರುವಿನಲ್ಲಿ ಸುಮ್ನೆ ಕೂತಿದೆ. ಮಷೀನ್ ಎಲ್ಲಿಂದ ತರಲಿ?

ಸೊಪ್ಪಿನ ಗಾಡಿ: ನಾನೂ ಹಾಗೇ ಒದ್ದಾಡಿದವಳು. ನಿಮ್ಮ ಬ್ಲಾಕ್‌ನಲ್ಲೇ ಸೊಪ್ಪು ತರಕಾರಿ ಮಾರಿ. ಬೀದಿ ವ್ಯಾಪಾರಿ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಪಾಲಿಕೆಯಲ್ಲಿ ಕೇಳಿ. ಅದಿದ್ದರೆ ಬ್ಯಾಂಕಿನಲ್ಲಿ ಸ್ವನಿಧಿ ಸಾಲಕ್ಕೆ, ಅಂದ್ರೆ ಬೀದಿ ವ್ಯಾಪಾರಿಗಳಿಗಿರುವ ಕೇಂದ್ರ ಸರ್ಕಾರದ ಯೋಜನೆಯ ಸಾಲಕ್ಕೆ, ಅರ್ಜಿ ಹಾಕಬಹುದು. 2020ರಲ್ಲಿ ಮೊದಲ ಕಂತಿನ ಸಾಲ 10,000 ರೂಪಾಯಿ ಇತ್ತು, ಈಗ 15,000. ಅಡಮಾನ ಬೇಡ. ಆಧಾರ್‌ಗೆ ಮೊಬೈಲ್ ಲಿಂಕ್ ಮಾಡಿಸಿಕೊಂಡೇ ಹೋಗಿ, ನಾನು ಅದೊಂದಕ್ಕೇ ಮೂರು ಸಲ ಅಲೆದೆ.

ಮೂರನೇ ಮಹಡಿ: ಲಿಫ್ಟ್ ಕೆಟ್ಟಿದೆ, ಅದಕ್ಕೇ ಮೇಲಿನವರು ಕೊತ್ತಂಬರಿಗೂ ಕೆಳಗಿಳಿಯಲ್ಲ. ವ್ಯಾಪಾರ ಆಗಬಹುದು. ಸೋಮವಾರ ಹೋಗುತ್ತೇನೆ.